ನನಗೆ ಕಾಮಣಿ ಆಗಿರಲಿಲ್ಲ

ಮೊನ್ನೆ ಮೊನ್ನೆಯ ತನಕ ನಮ್ಮ ಬಳಗದಲ್ಲಿ ಯಾರನ್ನು ಕೇಳಿದ್ದರೂ ಒಂದೇ ಮಾತು ಹೇಳುತ್ತಿದ್ದರು: ಸುವರ್ಣಾಗೆ ಓದುವ ವಯಸ್ಸಿನಲ್ಲಿ ದೊಡ್ಡ ಕಾಮಣಿ ಆಗಿತ್ತು, ಸತ್ತು ಬದುಕಿದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಅತ್ತೆ ಇದನ್ನು ಮುಚ್ಚಿಡದೆ ಹೇಳುತ್ತಿದ್ದರು, ನಾಳೆ ಮಾತು ಬರಬಾರದೆಂದು. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಸುಳ್ಳು ಹೇಳುವ ಹೆಂಗಸಲ್ಲ, ತಮಗೆ ಗೊತ್ತಿದ್ದದ್ದನ್ನು ಹೇಳುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ನನಗೆ ಕಾಮಣಿ, ಅಂದರೆ ನೀವು ಕಾಮಾಲೆ ಎನ್ನುವ ರೋಗ, ಇವತ್ತಿನ ತನಕ ಆಗಿಲ್ಲ. ಆಗ ನಾನು ಒಂದು ಕೂಸನ್ನು ಹಡೆದಿದ್ದೆ. ಹಡೆದು ದತ್ತಕ ಕೊಟ್ಟಿದ್ದೆ.

ಕೊಟ್ಟದ್ದಕ್ಕೆ ನಾಚಿಕೆ ಇಲ್ಲ. ದುಃಖ ಇದೆ, ಅದು ನನ್ನ ಪಾಡಿಗೆ ಇರುತ್ತದೆ. ಇದನ್ನು ಬರೆಸುತ್ತಿರುವುದು ಸಿಟ್ಟು. ಆಗ ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಹುಡುಕಿದ್ದೆ, ಕೂಸನ್ನು ಕೊಟ್ಟವಳ ಎದೆಹಾಲು ಏನಾಗುತ್ತದೆ ಎಂದು. ಕನ್ನಡದಲ್ಲಿ ಒಬ್ಬಳೂ ಬರೆದಿರಲಿಲ್ಲ. ದತ್ತಕ ತೆಗೆದುಕೊಂಡವರ ಕಥೆಗಳು ಬೇಕಾದಷ್ಟಿದ್ದವು, ಎಲ್ಲದರಲ್ಲೂ ಹಡೆದವಳು ಮೊದಲ ಸಾಲಿಗೇ ಮಾಯ. ಮಾಯವಾದ ಮೇಲೆ ಆಕೆಗೆ ಜ್ವರ ಬಂತೋ, ಊಟ ಸೇರಿತೋ ಎಂದು ಯಾರೂ ಕೇಳಿದಂತಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮ ಮನೆ ಹುಬ್ಬಳ್ಳಿಯಲ್ಲಿ. ದುರ್ಗದಬೈಲಿನಲ್ಲಿ ಅಪ್ಪನ ಅರಿವೆ ಅಂಗಡಿ. ನಾನು ಧಾರವಾಡದಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸರ್ಕಾರಿ ಪರೀಕ್ಷೆಯ ಕೋಚಿಂಗಿಗೆ ಹೋಗುತ್ತಿದ್ದೆ. ಹುಡುಗ ಅದೇ ಕ್ಲಾಸಿನವನು. ನಾನು ಬಸಿರೆಂದು ಹೇಳಿದ ವಾರದಲ್ಲೇ ಅವನ ಫೋನು ಬಂದ್ ಆಯಿತು, ಖೋಲಿಗೆ ಬೀಗ ಬಿತ್ತು. ಅವನಿಗೆ ಈ ಬರಹದಲ್ಲಿ ಇಷ್ಟೇ ಜಾಗ. ನಾನು ಸಡಿಲ ಚೂಡಿದಾರ ಹಾಕಿಕೊಂಡು, ಊರಿಗೆ ಹೋಗುವುದನ್ನು ತಪ್ಪಿಸುತ್ತ, ಹೆದರಿಕೆಯಲ್ಲೇ ತಿಂಗಳುಗಳನ್ನು ನೂಕಿದೆ. ಇನ್ನು ಮುಚ್ಚಲಾಗದು ಎನ್ನುವಾಗ ಅವ್ವನಿಗೆ ಹೇಳಿದೆ.

ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು ಎಂದು ಈಗಲೂ ಅನಿಸುತ್ತದೆ. ಕೂತಲ್ಲೇ ಲೆಕ್ಕ ಹಾಕಿದಳು.

"ಅಪ್ಪಗ ಗೊತ್ತಾಗಬಾರದು. ನಿಮ್ಮ ಅತ್ತೀಗಂತೂ ಮೊದಲ ಗೊತ್ತಾಗಬಾರದು. ಕಾಮಣಿ ಆಗೇತಿ ಅನ್ನೂನು. ಅದು ಅಂಟಜಡ್ಡು, ಯಾರೂ ಸನೇಕ ಬರಂಗಿಲ್ಲ."

ಹೀಗೆ ನನ್ನ ಹೊಟ್ಟೆಯಲ್ಲಿದ್ದ ಜೀವಕ್ಕೆ ಒಂದು ರೋಗದ ಹೆಸರು ಬಿತ್ತು. ಧಾರವಾಡದ ಪಕ್ಕದ ಲಕಮನಹಳ್ಳಿಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಇದ್ದಳು. ಅವಳ ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು, ಉಂಡದ್ದಕ್ಕೂ ಉಪವಾಸಕ್ಕೂ ಬಾಯಿ ಬಿಡದ ಮನುಷ್ಯ. ಆ ಮನೆಯ ಹಿಂದಿನ ಖೋಲಿಗೆ ನನ್ನನ್ನು ಸೇರಿಸಿದರು. ಗುಣವಾಗುವ ತನಕ ಯಾರೂ ಬರಬೇಡಿ ಎಂದು ಬಳಗಕ್ಕೆಲ್ಲ ಅವ್ವ ಫೋನು ಹಚ್ಚಿ ಹೇಳಿದಳು.

ಗುರುತಿನವರಿಲ್ಲದ ದೂರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಯಿತು. ಕೂಸನ್ನು ನನ್ನ ಎದೆಯ ಮೇಲೆ ಮಲಗಿಸಿದರು. ಎಣ್ಣೆ ಹಚ್ಚದೆಯೇ ಮಿಂಚುವ ಕಪ್ಪು ಕೂದಲು, ಮುಚ್ಚಿದ ಮುಷ್ಟಿ. ನೋಡುತ್ತ ಇದ್ದೆ. ಅವ್ವ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಒಮ್ಮೆಯಾದರೂ ತಿರುಗಿ ನೋಡಲಿ ಎಂದು ಕಾದೆ. ನೋಡಿದರೆ ಮನಸ್ಸು ಕರಗೀತು ಎಂದು ಅವಳಿಗೆ ಭಯ ಇತ್ತೋ ಏನೋ, ನೋಡಲಿಲ್ಲ.

ದತ್ತಕ ಕೊಡುವುದು ಎಂದರೆ ಒಂದು ಕಚೇರಿಗೆ ಹೋಗಿ, ಅಧಿಕಾರಿಗಳ ಎದುರು ಒಪ್ಪಿ ಸಹಿ ಹಾಕುವುದು. ಅಲ್ಲಿ ಒಬ್ಬ ಹೆಂಗಸು ನನ್ನನ್ನು ಒಂದೊಂದೇ ಪ್ರಶ್ನೆ ಕೇಳಿದರು. ಒಂದೊಂದಕ್ಕೂ ಅವ್ವನೇ ಉತ್ತರ ಕೊಟ್ಟಳು. ಕೊನೆಗೆ ಆಕೆ ಪೆನ್ನು ಕೆಳಗಿಟ್ಟು ಅಂದರು, "ಅಮ್ಮಾರ, ಹಡದಾಕಿ ಆಕಿ. ಆಕಿ ಮಾತಾಡ್ಲಿ." ಅವ್ವ ಮೇಜಿನ ಕೆಳಗೆ ನನ್ನ ಮೊಣಕೈ ಹಿಡಿದಳು. ನಾನು ಹೂಂ ಎಂದೆ. ಹೂಂ ಎಂದದ್ದು ನಾನೋ ಮೊಣಕೈಯೋ, ನನಗೇ ತಿಳಿಯಲಿಲ್ಲ. ಏಳುವಾಗ ಆ ಹೆಂಗಸು ನನ್ನ ಕಣ್ಣಿಗೆ ಕಣ್ಣಿಟ್ಟು ಹೇಳಿದರು.

"ಎರಡು ತಿಂಗಳು ವ್ಯಾಳ್ಯಾ ಇರ್ತೈತವಾ. ಅಲ್ಲೀತನ ಕೂಸನ್ನ ಯಾರಿಗೂ ಕೊಡಂಗಿಲ್ಲ. ಮನಸ್ಸು ಬದಲಾದ್ರ ನೀ ಬಾ. ಒಬ್ಬಾಕೀನ ಬಂದ್ರೂ ನಡೀತೈತಿ."

ಆಟೋದಲ್ಲಿ ಅವ್ವ ಅಂದಳು, "ಮುಗೀತು. ಇನ್ನ ಮರತುಬಿಡು." ಎರಡು ತಿಂಗಳು ನನ್ನದು ಎಂದುಕೊಂಡೆ. ಕೊಡುವುದಾದರೆ ಯೋಚಿಸಿ, ನಾನೇ ಕೊಡಬೇಕು. ಇಲ್ಲವಾದರೆ ಹೋಗಿ ಕರೆದುಕೊಂಡು ಬರಬೇಕು. ಜೀವನದಲ್ಲಿ ಅಷ್ಟು ದೊಡ್ಡ ವಿಚಾರ ಮಾಡಲು ಯಾರೂ ನನಗೆ ಅಷ್ಟು ಸಮಯ ಕೊಟ್ಟಿರಲಿಲ್ಲ. ಆ ಸಮಯವನ್ನು ನನ್ನ ಮನೆಯವರು ಒಂದು ಸುಳ್ಳು ರೋಗದ ಪಥ್ಯಕ್ಕೆ ಖರ್ಚು ಮಾಡಿದರು.

ನಮ್ಮ ಕಡೆ ಬಾಣಂತಿಗೆ ಎಂಥ ಉಪಚಾರ ಎಂದು ಗೊತ್ತಿದ್ದವರಿಗೆ ಗೊತ್ತು. ಒಣಕೊಬ್ಬರಿ, ಉತ್ತತ್ತಿ, ತುಪ್ಪ ಹಾಕಿದ ಅಂಟಿನ ಉಂಡಿ. ಬಿಸಿ ಬಿಸಿ ಸಜ್ಜಕ. ಗಾಳಿ ಹೊಗದ ಹಾಗೆ ತಲೆ ಕಿವಿ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುತ್ತಾರೆ. ಕಾಮಣಿಗೆ ಎಲ್ಲವೂ ಉಲ್ಟಾ. ಎಣ್ಣೆ ಇಲ್ಲ, ತುಪ್ಪ ಇಲ್ಲ, ತಂಪಿನದ್ದೇ ಆಗಬೇಕು. ಕೂಸನ್ನು ಕೊಟ್ಟು ಬಂದವಳಿಗೆ ನನ್ನ ಅವ್ವ ಬಡಿಸಿದ್ದು ಮಜ್ಜಿಗೆ ಅನ್ನ ಮತ್ತು ಮೂಲಂಗಿ ರಸ. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಕಿವಿಗೆ ಒಂದು ಬಟ್ಟೆ ಕೊಡು ಎಂದೆ.

"ಕಾಮಣಿ ಆದಾಕಿ ಕಿವಿ ಕಟಗೋತಾಳೇನ? ಅಪ್ಪ ಬಂದು ನೋಡಿದ್ರ ಏನಂತಾರ?"

ಅಪ್ಪ ಬಂದರು ಕೂಡ. ಸೋಂಕಿನ ದಿನಗಳು ಮುಗಿದವು ಎಂದು ಅವ್ವ ಹೇಳಿದ ಮೇಲೆ ಅಂಗಡಿಯನ್ನು ಆಳಿಗೆ ಒಪ್ಪಿಸಿ, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಕಬ್ಬಿನ ಹಾಲು ಹಿಡಿದು ಬರುತ್ತಿದ್ದರು. ಕ್ಯಾನಿನ ಮೇಲೆ ಒದ್ದೆ ಬಟ್ಟೆ ಸುತ್ತಿರುತ್ತಿದ್ದರು, ತಣ್ಣಗಿರಲಿ ಎಂದು. "ಕುಡಿಯವಾ, ಲಿವರಿಗೆ ಚಲೋ," ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಬಾಣಂತಿಯೋ ಕಾಮಣಿಯವಳೋ ಎಂದು ನೋಡಿ ತಿಳಿಯದಷ್ಟು ದೂರದಲ್ಲಿ ಗಂಡಸರನ್ನು ನಿಲ್ಲಿಸುವ ಮನೆಯ ಮೇಲೆ ಸಿಟ್ಟಿದೆ.

ಹಾಲು ಮಾತ್ರ ಯಾರ ಸುಳ್ಳನ್ನೂ ಕೇಳಲಿಲ್ಲ. ಎದೆ ಕಲ್ಲಾಯಿತು. ಪಕ್ಕದ ಮನೆಯ ಕೂಸು ಅತ್ತರೆ ಸಾಕು, ನನ್ನ ಕುಪ್ಪಸ ಒದ್ದೆ. ಚಿಗವ್ವ ಬಿಗಿಯಾಗಿ ಬಟ್ಟೆ ಕಟ್ಟಿದಳು, ಒಳಗೆ ಮಲ್ಲಿಗೆ ಇಟ್ಟಳು. ಮಲ್ಲಿಗೆ ಹೂ ಕಟ್ಟಿದರೆ ಹಾಲು ಬತ್ತುತ್ತದೆ ಎನ್ನುವುದು ಹಳೆಯ ನಂಬಿಕೆ. ಹೂವಿನವಳು ದಿನಾ ಇಷ್ಟು ಹೂ ಯಾಕೆ ಎಂದು ಕೇಳಿದರೆ ಚಿಗವ್ವ ದೇವರಿಗೆ ಎನ್ನುತ್ತಿದ್ದಳು. ಬೆವರು, ಹಾಲು, ಬಾಡಿದ ಮಲ್ಲಿಗೆ. ಮದುವೆ ಮನೆಯಲ್ಲಿ ಯಾರಾದರೂ ಮಲ್ಲಿಗೆ ಮಾಲೆ ಚಾಚಿದರೆ ನಾನು ಇವತ್ತಿಗೂ ಬೇಡ ಎನ್ನುತ್ತೇನೆ.

ಹೀಗಿರುವಾಗ ಅತ್ತೆ ಬಂದರು, ಬರುವಾಗ ಹಳ್ಳಿಯಿಂದ ಕಾಮಣಿಗೆ ಔಷಧ ಮಾಡುವ ಒಬ್ಬ ಮುದುಕನನ್ನೂ ಕರೆದುಕೊಂಡು ಬಂದರು. ತಮ್ಮನ ಮಗಳು ಇಷ್ಟು ದಿನ ಹಾಸಿಗೆ ಹಿಡಿದದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

"ಅಲ್ಲವಾ, ಕಣ್ಣು ಬೆಳ್ಳಗ ಅದಾವಲ್ಲ?"

"ಇಳ್ಯಾಕತ್ತೇತ್ರಿ ಅಕ್ಕಾರ," ಎಂದಳು ಅವ್ವ.

ಮುದುಕ ನನ್ನ ನಾಡಿ ಹಿಡಿದ. ಮೈ ಕೆಂಡದಂತೆ ಸುಡುತ್ತಿತ್ತು. ಎದೆಯ ಒಂದು ಕಡೆ ಕೆಂಪಗೆ ಬಾತು ಎರಡು ದಿನವಾಗಿತ್ತು, ಅದು ಅವನಿಗೆ ಕಾಣುವಂತಿರಲಿಲ್ಲ. "ಇದು ಕಣ್ಣಾಗ ಕಾಣಂಗಿಲ್ರಿ," ಎಂದ, "ಒಳಗಾಮಣಿ. ಚುಟಿಗಿ ಹಾಕಬೇಕು." ಚುಟಿಗೆ ಎಂದರೆ ಕಾಸಿದ ಸೂಜಿಯಿಂದ ಮುಂಗೈ ಮೇಲೆ ಸುಡುವುದು.

ನಾನು ಅವ್ವನ ಮುಖ ನೋಡಿದೆ. ಬೇಡ ಎನ್ನಲು ಅವಳಿಗೆ ಒಂದೇ ಮಾತು ಸಾಕಿತ್ತು. ಡಾಕ್ಟರು ಬೇಡ ಅಂದಿದ್ದಾರೆ ಎಂದರೂ ನಡೆಯುತ್ತಿತ್ತು. ಆದರೆ ಬೇಡವೆಂದರೆ ಅತ್ತೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಮಾತು ಬೆಳೆಯುತ್ತದೆ. ಅವ್ವ ನನ್ನ ಕೈ ಹಿಡಿದು ಮುಂದೆ ಚಾಚಿದಳು.

ಸೂಜಿ ಒಲೆಯ ಮೇಲೆ ಕೆಂಪಗಾಯಿತು. ನಾನು ಕಿರುಚಿದೆ. ಅತ್ತೆ ನನ್ನ ತಲೆ ನೇವರಿಸುತ್ತ, "ಆತವಾ ಆತು, ಜಡ್ಡು ಓಡಿಹೋತು," ಎಂದರು. ಅವರ ಕಣ್ಣಲ್ಲಿ ನೀರಿತ್ತು, ಪ್ರೀತಿಯ ನೀರು. ಅದೇ ನನ್ನನ್ನು ಇನ್ನೂ ಉರಿಸುತ್ತದೆ. ಹೆರಿಗೆಯ ನೋವಿನಲ್ಲಿ ನನ್ನ ತಲೆ ನೇವರಿಸಲು ಯಾರೂ ಇರಲಿಲ್ಲ, ಇಲ್ಲದ ರೋಗಕ್ಕೆ ಮೂರು ಜನ ಸುತ್ತ ಕೂತಿದ್ದರು.

ಅವತ್ತು ರಾತ್ರಿಯೇ ಚಳಿ ಹತ್ತಿ ಹಲ್ಲು ಕಟಕಟಿಸತೊಡಗಿತು. ಬೆಳಿಗ್ಗೆ ಚಿಗವ್ವನ ಗಂಡ ಮೊದಲ ಸಲ ಬಾಯಿಬಿಟ್ಟರು. "ಹುಡುಗಿ ಸತ್ತರ ಯಾವ ಜಡ್ಡಿನ ಹೆಸರು ಹೇಳ್ತೀರಿ?" ಆಮೇಲೆ ತಾವೇ ಹೋಗಿ ಆಟೋ ಕರೆದುಕೊಂಡು ಬಂದರು.

ಆಸ್ಪತ್ರೆಯಲ್ಲೂ ಅವ್ವ ಬಿಡಲಿಲ್ಲ. ಚೀಟಿ ಮಾಡಿಸುವಲ್ಲಿ ಕಾಮಣಿ ಎಂದೇ ಹೇಳಿದಳು. ಹೇಳಿದ ಮೇಲೆ ಅವರು ರಕ್ತ ಪರೀಕ್ಷೆಗೆ ಕಳಿಸದೆ ಇರುತ್ತಾರೆಯೇ? ಇಲ್ಲದ ರೋಗಕ್ಕೆ ರಕ್ತ ಕೊಟ್ಟು, ವರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತೆ. ಎದುರಿನ ಬಾಗಿಲು ಹೆರಿಗೆ ಡಾಕ್ಟರದ್ದು. ಅದರ ಮುಂದೆ ತಲೆ ಕಿವಿ ಕಟ್ಟಿಕೊಂಡ ಬಾಣಂತಿಯರು, ಮಡಿಲಲ್ಲಿ ಕೂಸುಗಳು, ಪಕ್ಕದಲ್ಲಿ ಅವರ ತಾಯಂದಿರು. ಒಂದು ಕೂಸು ಅತ್ತಿತು. ನನ್ನ ಕುಪ್ಪಸ ಒದ್ದೆಯಾಯಿತು. ಸೆರಗು ಎಳೆದುಕೊಂಡೆ.

ನನ್ನ ಪಕ್ಕ ಕೂತ ಒಬ್ಬ ಹಿರಿಯ ಹೆಂಗಸು ನೋಡಿದರು. ಮಗಳನ್ನು ತೋರಿಸಲು ಯಾವುದೋ ಹಳ್ಳಿಯಿಂದ ಬಂದವರು. ಏನೂ ಕೇಳಲಿಲ್ಲ. ತಮ್ಮ ಚೀಲದಿಂದ ಒಂದು ಸ್ಕಾರ್ಫ್ ತೆಗೆದು ನನ್ನ ತಲೆಯ ಸುತ್ತ, ಕಿವಿ ಮುಚ್ಚುವ ಹಾಗೆ ಕಟ್ಟಿ ಗಂಟು ಹಾಕಿದರು. "ಹಸೀ ಮೈ, ಗಾಳಿ ಹೊಕ್ಕಾವು," ಎಂದರು. ಮಗಳಿಗೆಂದು ತಂದ ಡಬ್ಬಿಯಿಂದ ಒಂದು ಅಂಟಿನ ಉಂಡಿ ನನ್ನ ಕೈಗಿಟ್ಟರು. ಅವ್ವ ಅದನ್ನು ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತ, ಒಂದು ಚೂರೂ ಬಿಡದೆ ತಿಂದೆ.

ಆ ಉಂಡಿಯ ಬಲವೇ ಇರಬೇಕು. ಎದ್ದು ವರದಿಗೂ ಪಾಳಿಗೂ ಕಾಯದೆ ಹೆರಿಗೆ ಡಾಕ್ಟರ ಬಾಗಿಲು ನೂಕಿದೆ. "ನಾ ಹಡದೇನ್ರಿ. ಹಾಲು ಕಟ್ಯಾವು, ಜ್ವರ ಬಂದಾವು," ಎಂದೆ. ಡಾಕ್ಟರು ನೋಡಿದರು, ಮುಟ್ಟಿದರು, ಮುಖ ಗಂಟಿಕ್ಕಿದರು. ಕೀವಾಗಿತ್ತು, ಅವತ್ತೇ ಕೊಯ್ದು ತೆಗೆಯಬೇಕು ಎಂದರು.

"ಇಷ್ಟಾಗೂತನ ಏನ್ ಮಾಡಾಕತ್ತಿದ್ರಿ? ಕೂಸು ಎಲ್ಲೈತಿ?"

"ದತ್ತಕ ಕೊಟ್ಟೇನ್ರಿ."

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಛಾವಣಿ ಬೀಳಲಿಲ್ಲ. ಡಾಕ್ಟರು ಚೀಟಿ ಬರೆಯುತ್ತ, "ಆಗ್ಲಿ. ಆದ್ರೂ ಬಾಣಂತಿ ಬಾಣಂತೀನ. ಉಣ್ಣಬೇಕು, ಮಲಗಬೇಕು," ಎಂದರು. ಆಮೇಲೆ ಅವ್ವನ ಕಡೆ ತಿರುಗಿ ಅಂದದ್ದನ್ನು ಬರೆಯುವುದಿಲ್ಲ, ಎಷ್ಟಾದರೂ ನನ್ನ ಅವ್ವ. ಕೀವು ತೆಗೆಸಿಕೊಂಡು ಹಿಂದಿರುಗುವಾಗ ಅವಳು ಕೇಳಿದ್ದು ನೋವು ಹೇಗಿದೆ ಎಂದಲ್ಲ. "ಅಷ್ಟೆಲ್ಲಾ ಹೇಳೂದಿತ್ತೇನು?" ಎಂದಳು.

ಗಾಯ ಮಾಯುವಾಗ ಯೋಚಿಸಿದೆ. ಜ್ವರ ಬಿಟ್ಟ ತಲೆಯಲ್ಲಿ, ಮೊದಲ ಸಲ ನಾನೊಬ್ಬಳೇ. ಕೂಸನ್ನು ಕರೆದುಕೊಂಡು ಬಂದರೆ ಎಲ್ಲಿಗೆ ಎಂದು ಕೇಳಿಕೊಂಡೆ. ಹಡೆದದ್ದನ್ನು ರೋಗ ಎಂದು ಕರೆದ ಮನೆಗೆ, ಅದು ಅತ್ತಾಗ ಕಿಟಕಿ ಮುಚ್ಚುವ ಮನೆಗೆ ತರಲೇ? ಕೈಯಲ್ಲಿ ನೌಕರಿ ಇಲ್ಲ, ಒಂದು ಖೋಲಿ ಇಲ್ಲ. ಧೈರ್ಯ ಇತ್ತೇ ಎಂದು ಯಾರಾದರೂ ಕೇಳಬಹುದು. ಧೈರ್ಯ ಉಂಡು ಕೂಸು ಬೆಳೆಯುವುದಿಲ್ಲ. ಎರಡು ತಿಂಗಳು ಮುಗಿಯುವ ಮೊದಲು, ಎದೆಗೆ ಪಟ್ಟಿ ಕಟ್ಟಿಕೊಂಡೇ, ಒಬ್ಬಳೇ ಆ ಕಚೇರಿಗೆ ಹೋದೆ. ಅದೇ ಹೆಂಗಸು ಇದ್ದರು. ನನ್ನನ್ನು ನೋಡಿ ಕುರ್ಚಿಯಿಂದ ಅರ್ಧ ಎದ್ದರು, ಕೂಸನ್ನು ಕೇಳಲು ಬಂದಳು ಎಂದು.

"ಒಯ್ಯಾಕ ಬಂದಿಲ್ರಿ," ಎಂದೆ. "ಅವತ್ತ ನಮ್ಮವ್ವ ಕೊಟ್ಟಿದ್ಲು. ಇವತ್ತ ನಾ ಕೊಡಾಕ ಬಂದೇನಿ."

ಆಕೆ ನನ್ನನ್ನು ಕೂರಿಸಿ ಚಹಾ ತರಿಸಿದರು. ಎಲ್ಲ ಪ್ರಶ್ನೆಗಳನ್ನು ಮತ್ತೆ ಕೇಳಿದರು, ನಾನು ಉತ್ತರಿಸಿದೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಾಚಿಕೆ ಬಿಟ್ಟು ಅಳುತ್ತ ಕೂತೆ. ಆದರೆ ಅದು ನನ್ನ ಅಳು, ಯಾವ ರೋಗದ್ದೂ ಅಲ್ಲ.

ಆಮೇಲಿನದು ಉದ್ದದ ಕಥೆಯೇನಲ್ಲ. ಪರೀಕ್ಷೆ ಬರೆದೆ, ಪಾಸಾದೆ, ಧಾರವಾಡದ ಒಂದು ಕಚೇರಿಯಲ್ಲಿ ನೌಕರಿ, ಬಾಡಿಗೆ ಮನೆ. ಮದುವೆಯಾಗಿಲ್ಲ. ನಾನು ನಿಜ ಹೇಳಿದ ಇಬ್ಬರು ಗೆಳತಿಯರಲ್ಲಿ ಒಬ್ಬಳು ನನ್ನನ್ನು ತ್ಯಾಗಮಯಿ ಎಂದಳು, ಒಬ್ಬಳು ಹೇಗಾದರೂ ಮನಸ್ಸು ಬಂತೇ ಎಂದಳು. ಎರಡೂ ಬೇಡ ನನಗೆ. ಹಡೆದೆ, ಸಾಕಲಾರೆ ಎಂದು ತಿಳಿದು, ಸಾಕುವವರಿಗೆ ಕೊಟ್ಟೆ. ಇಷ್ಟು ಸರಳ ಮಾತನ್ನು ಹಾಗೇ ಕೇಳಿಸಿಕೊಳ್ಳಲು ಜನಕ್ಕೆ ಏನು ಕಷ್ಟವೋ ತಿಳಿಯದು. ನಿಮ್ಮಲ್ಲಿ ಯಾರಾದರೂ ಇದೇ ದಾರಿಯಲ್ಲಿದ್ದರೆ ಒಂದೇ ಮಾತು: ನೀವು ಬಾಣಂತಿ. ಉಣ್ಣಿ, ಕಿವಿ ಕಟ್ಟಿಕೊಳ್ಳಿ, ಎದೆ ಬಾತರೆ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೇಳಬೇಡ ಎಂದವರು ನಿಮ್ಮ ಬದಲು ಚಳಿಯಲ್ಲಿ ನಡುಗುವುದಿಲ್ಲ.

ಈ ವರ್ಷ ನನ್ನ ತಮ್ಮನ ಹೆಂಡತಿ ಶ್ರುತಿ ಹಡೆದಳು. ಅವಳಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಆಯಿತು. ಹಾಲು ಕಟ್ಟಿ ಅವಳು ಅಳುತ್ತಿದ್ದಾಗ ಬಿಸಿ ಬಟ್ಟೆ ಹೇಗಿಡಬೇಕು ಎಂದು ನಾನು ತೋರಿಸಿದೆ. "ನಿಮಗ ಹೆಂಗ ಗೊತ್ತು, ಅಕ್ಕಾರ?" ಎಂದಳು. ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ತೊಟ್ಟಿಲು ಹಾಕುವ ದಿನ ಮನೆ ತುಂಬ ಹೆಂಗಸರು. ಗಂಡಸರು ಹೊರಗಿನ ಖೋಲಿಯಲ್ಲಿ ಅಪ್ಪನ ಜೊತೆ ಕೂತಿದ್ದರು. ನಮ್ಮಲ್ಲಿ ಕೂಸನ್ನು ಸುಮ್ಮನೆ ತೊಟ್ಟಿಲಿಗೆ ಹಾಕುವುದಿಲ್ಲ. ಇಬ್ಬರು ಹಡೆದವರು ಎರಡು ಕಡೆ ನಿಂತು, ಒಬ್ಬರು ಮೇಲಿನಿಂದ ಕೊಟ್ಟರೆ ಇನ್ನೊಬ್ಬರು ಕೆಳಗಿನಿಂದ ಹಿಂದಕ್ಕೆ ಕೊಡುತ್ತ ಐದು ಸುತ್ತು ಮಾಡಿ ಮಲಗಿಸಬೇಕು. ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಹಿರಿಯರೆಂದು ಒಂದು ಕಡೆ ಅತ್ತೆ ನಿಂತರು.

"ಈ ಕಡೆ ಯಾರರ ಹಡದಾಕಿ ಬರ್ರಿ, ಲಗೂನ."

ನಾನು ಎದ್ದು ಹೋಗಿ ನಿಂತೆ. ಬಾಗಿಲಲ್ಲಿದ್ದ ಅವ್ವ ಕೈಯ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಶ್ರುತಿ ಯಾರ ಮುಖವನ್ನೂ ನೋಡದೆ ಕೂಸನ್ನು ನನ್ನ ಕೈಗೆ ಕೊಟ್ಟಳು. ನಾನು ತೊಟ್ಟಿಲ ಮೇಲಿನಿಂದ ಚಾಚಿದೆ. ರೂಢಿಯ ಕೈಗಳು, ಅತ್ತೆ ತೆಗೆದುಕೊಂಡೇಬಿಟ್ಟರು. ಆಮೇಲೆ ನನ್ನನ್ನು ನೋಡಿದರು.

"ನೀ ಅಲ್ಲವಾ ಸುವರ್ಣಾ. ಹಡದಾಕಿ ಬೇಕು."

"ಅದಕ್ಕ ಬಂದೇನ್ರಿ."

ಜೋಗುಳ ಹಾಡುತ್ತಿದ್ದವರು ನಿಲ್ಲಿಸಿದರು. ಅತ್ತೆ ಕೂಸನ್ನು ಹಿಡಿದು ನಿಂತೇ ಇದ್ದರು. ಸುತ್ತು ನಿಲ್ಲಿಸುವಂತಿಲ್ಲ. ಬಗ್ಗಿ ತೊಟ್ಟಿಲ ಕೆಳಗಿನಿಂದ ಕೊಟ್ಟರು, ನಾನು ತೆಗೆದುಕೊಂಡೆ. ಮತ್ತೆ ಕೊಟ್ಟೆ.

"ಯಾವಾಗ ಹಡದಿ ನೀ?" ಅವರ ದನಿಯಲ್ಲಿ ಸಿಟ್ಟು ಬಂದಿತ್ತು.

"ನೀವು ನನಗ ಕಾಮಣಿ ಚುಟಿಗಿ ಹಾಕಿಸಿದ್ರಲ್ಲ, ಆವಾಗ."

ಅವರು ಅವ್ವನ ಕಡೆ ತಿರುಗಿದರು. ಅವ್ವ ತಲೆ ಎತ್ತಲಿಲ್ಲ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು. ಕೂಸು ಮೇಲಿನಿಂದ ಹೋಯಿತು, ಕೆಳಗಿನಿಂದ ಬಂತು. ಮೂರನೆಯದು, ನಾಲ್ಕನೆಯದು ಮುಗಿಯಿತು. ಕೊನೆಯ ಸುತ್ತಿಗೆ ಕೂಸು ಅವರ ಕೈಯಲ್ಲಿತ್ತು. ಕೊಡದೆ ನಿಂತರು, ಇನ್ನು ಬೈಯುತ್ತಾರೆ ಎಂದುಕೊಂಡೆ. ಅತ್ತೆ ಬಗ್ಗಿ ಕೂಸನ್ನು ನನ್ನ ಕೈಗಿಡುತ್ತ, ಬಾಣಂತಿಯನ್ನು ಎಲ್ಲರೂ ಮೊದಲು ಕೇಳುವ, ನನ್ನನ್ನು ಆ ತನಕ ಯಾರೂ ಕೇಳದ ಮಾತು ಕೇಳಿದರು.

"ಏನ್ ಹಡದಿದ್ದೆವಾ? ಗಂಡೋ, ಹೆಣ್ಣೋ?"

ಹೊರಗಿನ ಖೋಲಿಯಲ್ಲಿ ಕೂತ ಅಪ್ಪನಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ.

"ಹೆಣ್ಣ ಹಡದೇನ್ರಿ, ಅತ್ತಿ."